ಸಾವಿನ ಊಟ

ಓಥಾನನ್ನು ಮಣ್ಣು ಮಾಡಿ ಬಂದವರು ಊಟ ಮುಗಿದರೂ ಏಳಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಲುವೇನಿಯಾ ಹುರಿದ ಮೀನು, ಮೆಕ್ಕೆಜೋಳದ ಬ್ರೆಡ್ಡು ಬಡಿಸುತ್ತಲೇ ಇದ್ದಳು. ಕಾರಿನ ಕಾರ್ಖಾನೆಯಲ್ಲಿ ಓಥಾನನ್ನು ನುಂಗಿದ ಕುಲುಮೆಯ ಮುಂದೆ ನಾಳೆ ಇನ್ನೊಬ್ಬ ಕರಿಯನನ್ನೇ ನಿಲ್ಲಿಸುತ್ತಾರೆ, ಇನ್ನಾದರೂ ಯೂನಿಯನ್ ಸೇರಬೇಕು ಎಂಬ ಮಾತು ಬೆಂಚಿನಿಂದ ಬೆಂಚಿಗೆ ದಾಟುತ್ತಿತ್ತು. 1941ರ ಡೆಟ್ರಾಯ್ಟಿನಲ್ಲಿ ಅಂಥ ಸಭೆಗೆ ಕರಿಯರ ಚರ್ಚುಗಳೂ ಬಾಗಿಲು ತೆರೆಯಲು ಹೆದರುತ್ತಿದ್ದವು. ಸಾವಿನ ಊಟಕ್ಕೆ ಮಾತ್ರ ಯಾರೂ ಬೇಡ ಎನ್ನುವಂತಿರಲಿಲ್ಲ.

ಟಾಲ್ಬರ್ಟ್ ಪಾದ್ರಿಗಳು ಮೆಟ್ಟಿಲಿಳಿದು ಬಂದರು.

“ಲುವೇನಿಯಾ, ಊಟಕ್ಕೆ ಅಂತ ತಾನೇ ಬೀಗದ ಕೈ ಇಸ್ಕೊಂಡಿದ್ದು?”

“ಊಟಾನೇ ಪಾದ್ರಿಗಳೇ. ಮೀನು ಆರಿಹೋಗ್ತಿದೆ, ಕೂತ್ಕೊಳ್ಳಿ.”

“ನಂಗೇನು ಕಿವಿ ಕೇಳಲ್ವಾ? ಯೂನಿಯನ್‌ಗೆ ಇಲ್ಲಿ ಜಾಗ ಇಲ್ಲ ಅಂತ ಹೋದ ಭಾನುವಾರವೇ ಹೇಳಿದ್ನಲ್ಲ.”

“ಓಥಾ ಹೇಗೆ ಸತ್ತ ಅಂತ ಮಾತಾಡ್ತಿದಾರೆ. ಸತ್ತವನ ಮಾತು ಇವತ್ತಲ್ಲದೆ ಇನ್ಯಾವತ್ತು ಆಡ್ತಾರೆ?”

ಪಾದ್ರಿಗಳು ದನಿ ತಗ್ಗಿಸಿದರು. “ನಿನ್ನ ಗಂಡ ಎಲ್ಬರ್ಟ್‌ಗೆ ಕೆಲಸ ಸಿಕ್ಕಿದ್ದು ಯಾರ ಮಾತಿಂದ? ನಾಳೆ ಆ ಮಾತು ವಾಪಸ್ ತಗೊಂಡ್ರೆ ಏನ್ಮಾಡ್ತೀಯಮ್ಮ?”

ಲುವೇನಿಯಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಅವಳಿಗೆ ನಿಜವಾಗಿಯೂ ಭಯವಾಯಿತು. ಇವನು ಒಳ್ಳೆಯವನು, ಗಲಾಟೆಗೆ ಹೋಗುವವನಲ್ಲ ಎಂದು ಪಾದ್ರಿ ಹೇಳದೆ ಆ ಕಾರ್ಖಾನೆ ಒಬ್ಬ ಕರಿಯನನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಎಲ್ಬರ್ಟ್‌ನನ್ನು ತೆಗೆದರೆ ಮಕ್ಕಳ ಅನ್ನಕ್ಕೆ ತಾನೇ ಕಲ್ಲು ಹಾಕಿದಂತೆ. ಬೆಂಚುಗಳ ಕಡೆ ನೋಡಿದಳು. ಗಂಡ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅವನ ಪಕ್ಕದವನನ್ನು ನೋಡಿದಳು, ಆಮೇಲೆ ಅವನ ಆಚೆಯವನನ್ನು. ತಟ್ಟೆಯನ್ನು ಮತ್ತೆ ಎತ್ತಿಕೊಂಡಳು.

“ವಾಪಸ್ ತಗೊಳ್ಳಿ ಪಾದ್ರಿಗಳೇ. ಆದ್ರೆ ಎಲ್ಬರ್ಟ್ ಒಬ್ಬನದೇ ಯಾಕೆ? ಇಲ್ಲಿ ಕೂತಿರೋರೆಲ್ಲ ನಿಮ್ಮ ಮಾತಿನ ಮೇಲೇ ಸೇರಿದೋರು. ಅಷ್ಟೂ ಜನ ಗಲಾಟೆಯೋರು ಅಂತ ನೀವೇ ಹೋಗಿ ಹೇಳಿದ್ರೆ, ಇವರನ್ನ ಒಳ್ಳೆಯೋರು ಅಂತ ಕಳ್ಸಿದ್ದು ಯಾರು ಅಂತ ಕಾರ್ಖಾನೆ ಸಾಹೇಬ್ರು ಕೇಳಲ್ವಾ?”

ಪಾದ್ರಿಗಳು ಒಂದೊಂದೇ ಮುಖವನ್ನು ನೋಡುತ್ತಾ ಹೋದರು. ಎಲ್ಲವೂ ತಾವೇ ಬೆನ್ನು ತಟ್ಟಿ ಕಳಿಸಿದ್ದ ಮುಖಗಳು.

“ಮಾತು ಬೀದಿಗೆಲ್ಲ ಕೇಳ್ತಿದೆ,” ಎಂದರು, ಯಾರಿಗೆ ಎಂದಿಲ್ಲದೆ. ಆಮೇಲೆ ತಾವೇ ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದರು.