ಕಣ್ಕಪ್ಪು ತಂದ ಮಾವ

ಮೊಮ್ಮಗಳಿಗೆ ಹಚ್ಚಲು ಕಣ್ಕಪ್ಪಿನ ಡಬ್ಬಿ ತೆರೆದರೆ, ಹರಳೆಣ್ಣೆಯ ವಾಸನೆಗೆ ಈಗಲೂ ನನಗೆ ನಿಲಂಗಾ ಕಡೆಯ ಆ ಕಾಡು ನೆನಪಾಗುತ್ತದೆ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಅಕ್ಕ, ನಾನು ಅಜ್ಜಿಯ ಜೊತೆ ಬಿಲ್ವಪತ್ರೆ ತರಲು ಹೋಗಿದ್ದೆವು. ಕಾಡಿನೊಳಗಿನ ಪಾಳುಗುಡಿಯ ಕಟ್ಟೆಯ ಮೇಲೆ ದೂರದ ಸಂಬಂಧದ ಮಾವನೊಬ್ಬ ಕೂತಿದ್ದ. ಅವನ ಹಿಂದೆ ನಂದಿಯ ಬುಡದಲ್ಲಿ ಯಾರೋ ಆಗಷ್ಟೇ ಅಗೆದ ಮಣ್ಣು.

"ಬಾ ತಂಗಿ, ಒಳಗ ಜುನಾ ಮೂರ್ತಿ, ಭಾಳ ಹಳೀದು, ತೋರಸ್ತೀನಿ," ಎಂದು ನನ್ನ ಕೈಗೆ ಪೇಢೆ ಇಟ್ಟ.

"ಅಕ್ಕನ್ನೂ ಕರಕೊಂಡು ಹೋಗಪಾ," ಎಂದಳು ಅಜ್ಜಿ.

"ಆಕಿ ಬ್ಯಾಡ ಚಿಗವ್ವ, ಇಕಿ ಒಬ್ಬಾಕಿ ಸಾಕು."

ಅಜ್ಜಿ ಅವನ ಮುಷ್ಟಿಯಲ್ಲಿದ್ದ ಕಣ್ಕಪ್ಪಿನ ಡಬ್ಬಿ ನೋಡಿದಳು. "ಮೂರ್ತಿ ನೋಡ್ಲಾಕ ಕಾಜಳ ಯಾಕಪಾ?"

ಕಾಲು ಮುಂದಾಗಿ ಹುಟ್ಟಿದವರ ಕಣ್ಣಿಗೆ ಅದನ್ನು ಹಚ್ಚಿದರೆ ಹೂತಿಟ್ಟ ಹೊನ್ನು ಕಾಣುತ್ತದೆಂದು ನಮ್ಮ ಕಡೆ ನಂಬುತ್ತಿದ್ದರು. ನಾನು ಹಾಗೆ ಹುಟ್ಟಿದವಳು.

ಅಜ್ಜಿ ಕೊರಳ ಲಿಂಗ ಹಿಡಿದಳು. "ನೀ ಕೇಳಿದ್ದು ಸುಳ್ಳ ಸುದ್ದಿ. ಲಿಂಗದ ಆಣಿ, ಇಕಿ ತಲಿ ಮುಂದಾಗೇ ಹುಟ್ಟ್ಯಾಳ. ಹೆರಿಗಿ ಮಾಡಿಸಿದಾಕಿ ನಾನೇ."

ಮಾವ ತಲೆತಗ್ಗಿಸಿ ಎದ್ದು ಹೋದ. ಶಿವನ ದಯೆ, ನಾವು ಮೂವರೂ ಬೆಳಕಿರುವಾಗಲೇ ಮನೆ ಸೇರಿದೆವು.

ಸಂಜೆ ಪೂಜೆಗೆ ಕೂತ ಅಜ್ಜಿ, "ಇದೊಂದು ಹೊಟ್ಟ್ಯಾಗ ಹಾಕ್ಕೋ ಶಿವನೇ," ಎನ್ನುತ್ತಿದ್ದಳು. ಎಡಗೈಯಲ್ಲಿ ಲಿಂಗವಿತ್ತು, ಬಲಗೈ ನನ್ನ ಪಾದವನ್ನು ಹಿಡಿದುಕೊಂಡೇ ಇತ್ತು.