ಡೆಲಿವರಿ ಅನ್ನುವ ಕಾಲಂ

ಆಸ್ಪತ್ರೆಯ ಗುಮಾಸ್ತ ಸೊಸೆಯ ಹೆಸರಿನ ಮುಂದೆ, ‘ಡೆಲಿವರಿ’ ಅನ್ನುವ ಕಾಲಂನಲ್ಲಿ ಅಡ್ಡಗೆರೆ ಎಳೆಯುವಷ್ಟರಲ್ಲಿ ಅತ್ತೆ ತನ್ನ ಅಂಗೈಯನ್ನು ರಿಜಿಸ್ಟರಿನ ಮೇಲೆ ಊರಿಬಿಟ್ಟಳು.

“ಕೈ ತೆಗೀರಿ ಅಜ್ಜಿ. ಮಗು ಹೊಟ್ಟೇಲೇ ತೀರ್ಕೊಂಡಿತ್ತಲ್ಲ, ಅಂಥವರಿಗೆ ಇಲ್ಲಿ ಗೆರೆ ಎಳೀತೀವಿ. ಮೊದಲಿಂದಲೂ ಹೀಗೇ.”

“ಡೆಲಿವರಿ ಅಂದ್ರೇನಪ್ಪಾ?”

“ಹೆರಿಗೆ.”

“ಹಾಗಾದ್ರೆ ನಿನ್ನೆ ಮಧ್ಯಾಹ್ನದಿಂದ ಇವಳು ಮಂಚದ ಕಂಬಿ ಹಿಡ್ಕೊಂಡು ಕೂಗಿದ್ದೇನು, ಸಂಗೀತ ಕಲಿಯೋದಕ್ಕಾ?”

ಸಾಲಿನಲ್ಲಿ ನಿಂತವರು ಯಾರೂ ನಗಲಿಲ್ಲ. ಗುಮಾಸ್ತ ದನಿ ತಗ್ಗಿಸಿ, “ಎಲ್ಲ ದೇವರ ಇಚ್ಛೆ ಅಜ್ಜಿ, ನಾವೇನು ಮಾಡೋಕಾಗುತ್ತೆ?” ಅಂದ. ಅತ್ತೆಯ ಕಣ್ಣು ತುಂಬಿ ಬಂತು, ಕೈ ಮಾತ್ರ ಅಲುಗಲಿಲ್ಲ. “ದೇವರನ್ನ ಇದಕ್ಕೆ ಎಳೀಬೇಡ. ಅವನ ಜೊತೆ ಜಗಳ ನಾಳೆ ದೀಪ ಹಚ್ಚೋವಾಗ ನಾನೇ ಆಡ್ಕೋತೀನಿ. ಈ ಗೆರೆ ಎಳೀತಿರೋನು ನೀನು. ಒಂಬತ್ತು ತಿಂಗಳು ಹೊತ್ತು ಹೆತ್ತವಳು ಇವಳು. ಬರಿ.”

ಗುಮಾಸ್ತ ಪೆನ್ನನ್ನು ಮತ್ತೆ ಕಾಲಂನ ಹತ್ತಿರ ತಂದ. ಅತ್ತೆ ಕೈಯನ್ನು ಬೆರಳಷ್ಟು ಸರಿಸಿದಳು. ಅವನು ಆ ಕಾಲಂನಲ್ಲಿ ದಿನಾಂಕವನ್ನೂ ಗಂಟೆಯನ್ನೂ ಬರೆದ. ಆಗಷ್ಟೇ ಅವಳು ಕೈ ಎತ್ತಿದಳು. ಆದರೆ ಪಕ್ಕದಲ್ಲಿ ಮಗುವಿನ ವಿವರದ ಕಾಲಂ ಇತ್ತು. ಅಲ್ಲಿಗೆ ಬಂದೊಡನೆ ಅವನ ಪೆನ್ನು ರೂಢಿಯಂತೆ ಮತ್ತೆ ಗೆರೆ ಎಳೆಯಲು ಬಗ್ಗಿತು. ಬೆಳಗಿನಿಂದ ತುಟಿ ಬಿಚ್ಚದೆ ಗಾಲಿಕುರ್ಚಿಯಲ್ಲಿ ಕೂತಿದ್ದ ಸೊಸೆ ಮುಂದಕ್ಕೆ ಬಾಗಿ, ಅತ್ತೆ ಊರಿದ ಹಾಗೆಯೇ ತನ್ನ ಅಂಗೈಯನ್ನು ಆ ಪುಟದ ಮೇಲೆ ಊರಿದಳು.

“ಹೆಣ್ಣು ಮಗು,” ಅಂದಳು. “ಎರಡೂಮುಕ್ಕಾಲು ಕೆಜಿ. ಬರ್ಕೊಳ್ಳಿ.”