ಬೀರುವಿನ ಮೇಲಿನ ಬಾಟಲಿ

ಕುಡಿತದ ಕೆಡುಕಿನ ಬಗ್ಗೆ ಮರುದಿನ ಶಾಲೆಯಲ್ಲಿ ಇಂಚರಾ ಭಾಷಣ ಮಾಡಬೇಕಿತ್ತು. ರುಚಿಯೇ ಗೊತ್ತಿಲ್ಲದ್ದನ್ನು ಬೈಯುವುದು ಹೇಗೆಂದು ಒಂಬತ್ತನೇ ತರಗತಿಯ ಆ ಹುಡುಗಿಗೆ ಚಿಂತೆಯಾಯಿತು. ಏಳು ಸಮುದ್ರದಾಚೆ ರಾಕ್ಷಸನ ಪ್ರಾಣ ಹೊತ್ತು ಕೂತ ಗಿಳಿಯಂತೆ ಅಜ್ಜನ ವಿಸ್ಕಿ ಬಾಟಲಿ ಬೀರುವಿನ ಮೇಲಿತ್ತು. ಸ್ಟೂಲು ಹತ್ತಿ ಇಳಿಸಿದಳು, ಒಂದು ಗುಟುಕು ನುಂಗಿದಳು. ಮುಖ ಸೊಟ್ಟಗಾಯಿತು.

"ಹೇಗಿದೆಯೇ?" ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಅಯ್ಯೋ ಅಜ್ಜೀ, ಅಪ್ಪನಿಗೆ ಹೇಳಬೇಡ! ನನ್ನ ಸಾಯಿಸೇಬಿಡ್ತಾರೆ!"

"ರುಚಿ ಹೇಗಿದೆ ಅಂದೆ."

"ಥೂ, ವಿಷ! ಜನ್ಮದಲ್ಲಿ ಮುಟ್ಟಲ್ಲ."

"ನಿಮ್ಮಪ್ಪನೂ ನಿನ್ನ ವಯಸ್ಸಲ್ಲಿ ಹೀಗೇ ಅಂದಿದ್ದ. ನಿಮ್ಮತ್ತೆಯಂತೂ ಅರ್ಧ ಡಬ್ಬಿ ಸಕ್ಕರೆ ಮುಕ್ಕಿದ್ಲು."

"ಅವರೂ ಇದನ್ನೇ ಕದ್ದು ಕುಡಿದಿದ್ರಾ?"

"ಹೂಂ. ಅದು ನೆಲಬೇವಿನ ಕಷಾಯ ಕಣೇ. ನಿಮ್ಮಪ್ಪ ಹುಟ್ಟಿದ ವರ್ಷವೇ ವಿಸ್ಕಿನ ಬಚ್ಚಲಿಗೆ ಸುರಿದೆ. ಆವತ್ತಿಂದ ಖಾಲಿಯಾದ ಹಾಗೆಲ್ಲ ಇದನ್ನೇ ಕುದಿಸಿ ತುಂಬಿಸಿಡ್ತೀನಿ."

ಇಂಚರಾಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅಪ್ಪನಿಗೆ ಹೇಳಲ್ಲ ತಾನೆ?"

"ಹೇಳಲ್ಲ. ಆದ್ರೆ ಕಷಾಯದ ವಿಷಯ ನೀನೂ ಬಾಯಿ ಬಿಡಬಾರದು. ನಿಮ್ಮಪ್ಪ, ನಿಮ್ಮತ್ತೆ ಇವತ್ತಿಗೂ ಬಾಯಿ ಬಿಟ್ಟಿಲ್ಲ."

"ಯಾರ ಹತ್ರ?"

ಅಷ್ಟರಲ್ಲಿ ಪಡಸಾಲೆಯಿಂದ ಅಜ್ಜನ ದನಿ ಬಂತು: "ಲೇ, ನನ್ನ ಭಾನುವಾರದ ಪೆಗ್ ತಾರೇ! ಇವತ್ತು ಅರ್ಧವೇ ಸಾಕು, ಹೋದ ವಾರದ್ದು ತಲೆಗೇರಿ ಸೋಫಾದಿಂದ ಉರುಳಿಬಿಟ್ಟಿದ್ದೆ!"